ಜಿಸಿಸಿ: ಮೂರು ದೇಶದಲ್ಲಿ ಹರಡಿದ ಒಂದು ಮನೆಯವಳ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಗಲ್ಫ್ ದೇಶಗಳ ಈ ಮಂಡಳಿಗೆ ಐದಕ್ಕೆ ಮೂರು. ಕರೆಂಟಿನ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ. ಲೈಸೆನ್ಸು, ಎಟಿಎಂ, ಸಾಮಾನಿನ ಗುಣಮಟ್ಟ ಇಂಥದ್ದಕ್ಕೆ ನಾಲ್ಕು. ಅಕ್ಕಪಕ್ಕದವರ ಜಗಳ ಬಿಡಿಸುವ ಕೆಲಸಕ್ಕೆ ಒಂದು. ನಮ್ಮಂಥ ಹೊರಗಿನವರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದಕ್ಕೆ ಎರಡು. 2023ಕ್ಕೆ ಮುಂಚೆ ಕೇಳಿದ್ದರೆ ಅದಕ್ಕೂ ಒಂದೇ ಕೊಡುತ್ತಿದ್ದೆ.

ಇದು ಗಲ್ಫ್ ಸಹಕಾರ ಮಂಡಳಿಯ ವಿಮರ್ಶೆ. ಎಲ್ಲರೂ ಕರೆಯುವುದು ಜಿಸಿಸಿ ಅಂತ. ಸೌದಿ, ಕುವೈತ್, ಬಹರೈನ್, ಕತಾರ್, ಯುಎಇ, ಒಮಾನ್, ಈ ಆರು ಸರಕಾರಗಳು ಸೇರಿ ಮಾಡಿಕೊಂಡ ಮಂಡಳಿ. ಹೋಟೆಲ್ ಬಗ್ಗೆ, ವಿಮಾನದ ಬಗ್ಗೆ, ಊರಿಗೆ ದುಡ್ಡು ಕಳಿಸುವ ಎಕ್ಸ್‌ಚೇಂಜ್ ಬಗ್ಗೆ ನಮ್ಮ ಕರಾವಳಿಯವರು ಉದ್ದುದ್ದ ಬರೆಯುತ್ತಾರೆ. ಈ ಮಂಡಳಿಯ ಬಗ್ಗೆ ಮಾತ್ರ ರಾಜರೆಲ್ಲ ಸಾಲಾಗಿ ನಿಂತ ಫೋಟೋ ಪೇಪರಿನಲ್ಲಿ ಬಂದಾಗ ಅಷ್ಟೇ ನೋಡುತ್ತೇವೆ, ಪುಟ ತಿರುಗಿಸುತ್ತೇವೆ. ಆದರೆ ಇಲ್ಲಿ ಬದುಕುವವರೆಲ್ಲ ದಿನಾ ಬೆಳಗಾದರೆ ಇದನ್ನು ಬಳಸುತ್ತಲೇ ಇರುತ್ತೇವೆ. ನಾನಂತೂ ಹದಿನೆಂಟು ವರ್ಷ ಬಳಸಿದ್ದೇನೆ. ಇದರಿಂದ ಖುಷಿಪಟ್ಟದ್ದೂ ಇದೆ, ಅತ್ತದ್ದೂ ಇದೆ.

2006ರಲ್ಲಿ ಮದುವೆಯಾಗಿ ಕುಂದಾಪುರದ ಕಡೆಯಿಂದ ಬಹರೈನಿಗೆ ಬಂದೆ. ಮನಾಮಾದಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. 2009ರಲ್ಲಿ ಇವರ ಕೆಲಸ ಸೌದಿಯ ಖೋಬರ್‌ಗೆ ಹೋಯಿತು. ಎರಡು ಊರಿನ ನಡುವೆ ಸಮುದ್ರದ ಮೇಲೆ 25 ಕಿಲೋಮೀಟರಿನ ಕಾಸ್‌ವೇ, ಅಂದರೆ ಸೇತುವೆಯ ರಸ್ತೆ. ಅಕ್ಕ ಮತ್ತು ಭಾವ ದೋಹಾದಲ್ಲಿ. ಹಾಗಾಗಿ ನಮ್ಮದು ಮೂರು ದೇಶದಲ್ಲಿ ಹರಡಿಕೊಂಡ ಒಂದೇ ಮನೆ. ಈ ಮಂಡಳಿ ಒಂದು ಹೆಜ್ಜೆ ಮುಂದಿಟ್ಟರೂ ಹಿಂದಿಟ್ಟರೂ ನಮ್ಮ ಅಡುಗೆಮನೆಗೆ ಅದು ಗೊತ್ತಾಗುತ್ತದೆ.

ಹುಟ್ಟಿದ ಕಥೆ ಚುಟುಕಾಗಿ ಹೇಳುತ್ತೇನೆ. 1971ರಲ್ಲಿ ಬ್ರಿಟಿಷರು ಈ ಕಡಲ ತೀರ ಬಿಟ್ಟು ಹೋದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು. 1980ರ ಸೆಪ್ಟೆಂಬರ್‌ನಲ್ಲಿ ಇರಾನ್ ಇರಾಕ್ ಯುದ್ಧ ಶುರುವಾಯಿತು. ದೊಡ್ಡ ಇಬ್ಬರು ಹೊಡೆದಾಡುವಾಗ ಪಕ್ಕದ ಸಣ್ಣ ಮನೆಯವರಿಗೆ ಹೆದರಿಕೆ ಆಗುವುದು ಸಹಜ ಅಲ್ವಾ? 1981ರ ಮೇ 25ರಂದು ಅಬುಧಾಬಿಯಲ್ಲಿ ಆರು ದೊರೆಗಳು ಕೂತು ಮಂಡಳಿ ಶುರು ಮಾಡಿದರು. ಕಚೇರಿ ರಿಯಾದ್‌ನಲ್ಲಿ. ಮೊದಲ ಮಹಾ ಕಾರ್ಯದರ್ಶಿ ಕುವೈತ್‌ನ ಅಬ್ದುಲ್ಲಾ ಬಿಶಾರಾ. ಹೆದರಿಕೆಯಿಂದ ಹುಟ್ಟಿದ್ದಾದರೂ ಅದರ ಸನ್ನದಿನಲ್ಲಿ ಬರೆದುಕೊಂಡದ್ದು ವ್ಯಾಪಾರ, ಕಸ್ಟಮ್ಸ್, ಸಾರಿಗೆ, ಶಿಕ್ಷಣ, ಆರೋಗ್ಯ ಇಂಥ ಮನೆವಾರ್ತೆಯ ವಿಷಯಗಳನ್ನೇ. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಇನ್ನೊಂದು ನಿಯಮವನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮುಖ್ಯ ವಿಷಯ ಯಾವುದೇ ಇರಲಿ, ಮತ ಹಾಕಿದ ದೊರೆಗಳೆಲ್ಲ ಒಂದೇ ಮಾತು ಹೇಳಬೇಕು. ಒಬ್ಬರು ಬೇಡ ಅಂದರೆ ಅಲ್ಲಿಗೆ ನಿಂತಿತು.

ನಮ್ಮ ಊರಿನವರಿಗೆ ಜಿಸಿಸಿಯ ಮೊದಲ ಪರಿಚಯ ಆಗುವುದು ಗಲ್ಫಿನಲ್ಲಿ ಅಲ್ಲ, ಮುಂಬೈಯಲ್ಲೋ ಮಂಗಳೂರಿನಲ್ಲೋ ಮೆಡಿಕಲ್‌ಗೆ ಹೋದಾಗ. ಹಳಬರಿಗೆ ಅದು "ಗಮ್ಕಾ ಮೆಡಿಕಲ್", ಈಗಿನವರಿಗೆ "ವಾಫಿದ್". ಆರು ದೇಶವೂ ಒಪ್ಪಿದ ಲ್ಯಾಬಿಗೆ ಹೋಗಬೇಕು, ರಕ್ತ ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು. ನನ್ನ ಮೈದುನನಿಗೆ ಕುವೈತ್‌ನಲ್ಲಿ ಕೆಲಸ ಸಿಕ್ಕಿತ್ತು. ಶರ್ಟು, ಸೂಟ್‌ಕೇಸು ಎಲ್ಲ ತಂದಾಗಿತ್ತು. ಎಕ್ಸ್‌ರೇಯಲ್ಲಿ ಒಂದು ಕಲೆ ಕಾಣಿಸಿತು. ಎಂಟನೇ ವಯಸ್ಸಿನಲ್ಲಿ ಟಿಬಿ ಬಂದು ಪೂರ್ತಿ ವಾಸಿಯಾಗಿತ್ತು, ಅದರ ಗುರುತು. ಡಾಕ್ಟರ ಹಳೆ ಚೀಟಿ ತೋರಿಸಿದರೂ ಕೌಂಟರಿನಲ್ಲಿದ್ದವರು ಮುಖ ಎತ್ತಿ ನೋಡಲಿಲ್ಲ. ಅನ್‌ಫಿಟ್. ಕುವೈತ್ ಹೋದರೆ ಹೋಗಲಿ, ಒಮಾನಿಗೆ ನೋಡೋಣ ಅಂದೆವು. ಆ ಅನ್‌ಫಿಟ್ ಅಲ್ಲೂ ಕಂಪ್ಯೂಟರಿನಲ್ಲಿ ಕೂತಿತ್ತು. ಸೂಟ್‌ಕೇಸ್ ಅಟ್ಟ ಸೇರಿತು. ಅವನೀಗ ಬೆಂಗಳೂರಿನಲ್ಲಿ ಚೆನ್ನಾಗಿಯೇ ಇದ್ದಾನೆ. ಆದರೂ ಅವತ್ತು ಅತ್ತೆಯ ಮುಖ ಹೇಗಾಗಿತ್ತು ಅಂತ ನಾನು ಮರೆತಿಲ್ಲ. ರೋಗ ಹರಡಬಾರದು ಅನ್ನುವುದು ಸರಿ, ಅದನ್ನು ನಾನು ಒಪ್ಪುತ್ತೇನೆ. ವಾಸಿಯಾದ ಕಲೆಗೂ ಹೊಸ ರೋಗಕ್ಕೂ ವ್ಯತ್ಯಾಸ ನೋಡುವ ತಾಳ್ಮೆ ಬೇಕಿತ್ತು ಅಂತ ಮಾತ್ರ ಹೇಳುತ್ತೇನೆ. "ಬೇಡ" ಅನ್ನುವುದನ್ನು ಆರೂ ದೇಶ ಒಟ್ಟಿಗೆ ಹೇಳುವುದನ್ನು ಎಷ್ಟೋ ವರ್ಷ ಮುಂಚೆ ಕಲಿತವು. "ಬನ್ನಿ" ಅನ್ನುವುದನ್ನು ಒಟ್ಟಿಗೆ ಹೇಳುವುದು ಇನ್ನೂ ಬಾಕಿ.

ಈಗ ರಜೆಯ ವಿಷಯ. ಹೊರಗಿನವರಿಗೆ ಇದು ಸಣ್ಣದು ಅನ್ನಿಸಬಹುದು. ಬಹರೈನ್ 2006ರಲ್ಲಿ ವಾರದ ರಜೆಯನ್ನು ಶುಕ್ರವಾರ ಶನಿವಾರ ಮಾಡಿತು. ಸೌದಿಯಲ್ಲಿ 2013ರ ಜೂನ್ ತನಕ ಗುರುವಾರ ಶುಕ್ರವಾರವೇ ರಜೆ. ಅಂದರೆ ನಾಲ್ಕು ವರ್ಷ ನಮ್ಮಿಬ್ಬರಿಗೂ ಒಟ್ಟಿಗೆ ಸಿಗುತ್ತಿದ್ದದ್ದು ಶುಕ್ರವಾರ ಒಂದೇ. ಇವರು ಬುಧವಾರ ರಾತ್ರಿ ಬರುತ್ತಿದ್ದರು. ಗುರುವಾರ ನಾನು ಆಫೀಸಿಗೆ ಹೋದರೆ ಇವರು ಮನೆಯಲ್ಲಿ ಪಾಪುವನ್ನು ನೋಡಿಕೊಂಡು ಒಬ್ಬರೇ. ಶುಕ್ರವಾರ ಮಧ್ಯಾಹ್ನ ಊಟ ಆದ ಕೂಡಲೇ ಬ್ಯಾಗು ತುಂಬಿಸುವುದು. ಶನಿವಾರ ಬೆಳಗ್ಗೆ ಅವರಿಗೆ ಡ್ಯೂಟಿ, ನನಗೆ ರಜೆ. ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಜೊತೆಯಲ್ಲಿ ಹೋದದ್ದು ಕೈಬೆರಳಲ್ಲಿ ಎಣಿಸುವಷ್ಟು. 2013ರಲ್ಲಿ ಸೌದಿಯೂ ಶುಕ್ರವಾರ ಶನಿವಾರಕ್ಕೆ ಬಂದ ಸುದ್ದಿ ಟಿವಿಯಲ್ಲಿ ನೋಡಿದಾಗ ಇವರು ಅಲ್ಲಿಂದ ಫೋನ್ ಮಾಡಿ ಏನೂ ಮಾತಾಡದೆ ಸುಮ್ನೆ ನಕ್ಕರು. ಈ ಬದಲಾವಣೆಯನ್ನು ಪ್ರತಿ ದೇಶವೂ ತನಗೆ ಬೇಕಾದಾಗ, ತನ್ನ ಪಾಡಿಗೆ ಮಾಡಿತು, ಮಂಡಳಿ ಕೂತು ಒಂದು ದಿನ ಗೊತ್ತು ಮಾಡಲಿಲ್ಲ. ಆಮೇಲೆ 2022ರಲ್ಲಿ ಯುಎಇ ಶನಿವಾರ ಭಾನುವಾರಕ್ಕೆ ಹೋಯಿತು. ಅಲ್ಲೂ ಇಲ್ಲೂ ಮನೆಯವರು ಇರುವ ಸಂಸಾರಗಳಿಗೆ ಮತ್ತೆ ಅದೇ ಪಾಡು.

ಇನ್ನು ಕರೆಂಟು. ಇದಕ್ಕೆ ಯಾಕೆ ಐದು ಅಂಕ ಅಂತ ಹೇಳಲು ನನ್ನ ಮಿಕ್ಸಿಯಿಂದಲೇ ಶುರು ಮಾಡಬೇಕು.

2009ರಲ್ಲಿ ಖೋಬರ್‌ನಲ್ಲಿ ಇವರು ಹಿಡಿದದ್ದು ಹಳೆ ಬಿಲ್ಡಿಂಗಿನ ಫ್ಲ್ಯಾಟ್. ಮೊದಲ ಸಲ ಹೋದಾಗ ಮನಾಮಾದಿಂದ ನನ್ನ ಮಿಕ್ಸಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದೆ. ಇವರಿಗೆ ಕೋಳಿ ಸಾರು ಮಾಡಿಕೊಡಬೇಕು, ಕಾಯಿ ಮಸಾಲೆ ರುಬ್ಬಬೇಕು. ಅಡುಗೆಮನೆಯ ಗೋಡೆಯಲ್ಲಿದ್ದ ಪ್ಲಗ್ಗಿಗೆ ಪಿನ್ ಕೂರಲಿಲ್ಲ. ಪಕ್ಕದ ಮನೆಯ ಮಲಯಾಳಿ ಚೇಚಿ ಒಂದು ಅಡಾಪ್ಟರ್ ಕೊಟ್ಟರು. ಹಾಕಿ ಗುಂಡಿ ತಿರುಗಿಸಿದರೆ ಮಿಕ್ಸಿ "ಊಂ" ಅಂತ ನರಳಿತು, ಬ್ಲೇಡು ಕಾಯಿಯ ನಡುವೆ ನಿಧಾನ ಸುತ್ತಿ ನಿಂತೇ ಹೋಯಿತು. ಬಿಸಿ ವಾಸನೆ ಬೇರೆ. ಚೇಚಿ ಓಡಿ ಬಂದು ಪಿನ್ ಕಿತ್ತರು. "ಅದು ನೂರ ಹತ್ತರ ಪ್ಲಗ್ಗು, ಏಸಿಯ ಹತ್ತಿರ ಇರೋದು ಮಾತ್ರ ಇನ್ನೂರ ಇಪ್ಪತ್ತು" ಅಂದರು. ಸೌದಿಯ ಹಳೆ ಮನೆಗಳಲ್ಲಿ ಎರಡೂ ಇರುತ್ತಿತ್ತು. ಕೊನೆಗೆ ಬೆಡ್‌ರೂಮಿನ ಏಸಿ ಪ್ಲಗ್ಗು ಕಿತ್ತು ಅಲ್ಲಿ ನೆಲದ ಮೇಲೆ ಕೂತು ಮಸಾಲೆ ರುಬ್ಬಿದೆ. ಆ ಕೋಣೆಯಲ್ಲಿ ಎರಡು ದಿನ ಕೊತ್ತಂಬರಿ, ಬೆಳ್ಳುಳ್ಳಿ ಘಮ.

ಒಂದಕ್ಕೊಂದು ಹೊಂದದ ಇಂಥದ್ದೇ ತೊಂದರೆ ದೇಶದ ಮಟ್ಟದಲ್ಲೂ ಇತ್ತು ಅಂತ ಆಮೇಲೆ ಗೊತ್ತಾಯಿತು. ಸೌದಿಯ ಕರೆಂಟು 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಆವರ್ತ. ಉಳಿದ ಐದು ದೇಶದ್ದು 50. ಒಂದರ ತಂತಿಗೆ ಇನ್ನೊಂದರ ತಂತಿಯನ್ನು ಸುಮ್ನೆ ಕಟ್ಟಿಬಿಡಲು ಆಗುವುದಿಲ್ಲ. ಆದರೂ ಕಟ್ಟಿದರು. 2001ರಲ್ಲಿ ಆರು ದೇಶ ಸೇರಿ ಎಲ್ಲರ ಕರೆಂಟಿನ ತಂತಿ ಜೋಡಿಸುವ ಒಂದು ಗ್ರಿಡ್ ಸಂಸ್ಥೆ ಮಾಡಿದರು, ಕಚೇರಿ ದಮ್ಮಾಮ್‌ನಲ್ಲಿ. ಸೌದಿಯ ಅಲ್ ಫಾದಿಲಿಯಲ್ಲಿ 1,800 ಮೆಗಾವಾಟಿನ ಕನ್ವರ್ಟರ್ ಸ್ಟೇಷನ್ ಕೂರಿಸಿದರು. ಅಲ್ಲಿ 60ರ ಕರೆಂಟು ಒಮ್ಮೆ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು ಆಗಿ, ಆಮೇಲೆ 50ರ ಕರೆಂಟಾಗಿ ಹೊರಗೆ ಬರುತ್ತದೆ, ಬೇಕೆಂದರೆ ಆ ಕಡೆಯಿಂದ ಈ ಕಡೆಗೂ. ಬಹರೈನಿಗೆ ಸಮುದ್ರದ ಅಡಿಯಲ್ಲಿ ಕೇಬಲ್ ಎಳೆದರು. 2009ರಲ್ಲಿ ಕುವೈತ್, ಸೌದಿ, ಬಹರೈನ್, ಕತಾರ್ ಜೋಡಣೆ ಆಯಿತು. ನಾನು ಖೋಬರ್‌ನಲ್ಲಿ ನೆಲದ ಮೇಲೆ ಕೂತು ಮಸಾಲೆ ರುಬ್ಬಿದ ವರ್ಷವೇ! 2011ರಲ್ಲಿ ಯುಎಇ ಸೇರಿತು, ಒಮಾನ್ ಅದರ ಮೂಲಕ.

ಇದರಿಂದ ನಮಗೇನು ಲಾಭ ಅಂತ ಕೇಳುವವರಿಗೆ ಇಲ್ಲಿಯ ಹಳಬರನ್ನು ಮಾತಾಡಿಸಿ ಅನ್ನುತ್ತೇನೆ. 2004ರ ಆಗಸ್ಟ್‌ನಲ್ಲಿ ಒಂದು ದಿನ ಬಹರೈನ್ ಇಡೀ ದೇಶಕ್ಕೇ ಕರೆಂಟ್ ಹೋಗಿತ್ತು. ಆಗಸ್ಟ್ ಅಂದರೆ ಇಲ್ಲಿ ಗಾಳಿಯೇ ಬೆಂಕಿ. ಆ ದಿನ ಜನ ಕಾರಿನಲ್ಲಿ ಏಸಿ ಹಾಕಿಕೊಂಡು ಕೂತಿದ್ದರು ಅಂತ ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು ಈಗಲೂ ಹೇಳುತ್ತಾರೆ. ಗ್ರಿಡ್ ಬಂದ ಮೇಲೆ ಒಂದು ದೇಶದ ಪವರ್‌ಹೌಸ್ ತಟ್ಟನೆ ನಿಂತರೆ ಪಕ್ಕದವರ ಕರೆಂಟು ಕ್ಷಣದಲ್ಲಿ ಹರಿದು ಬರುತ್ತದೆ, ನಮಗೆ ಲೈಟು ಮಿಣುಕಿದ್ದೂ ಗೊತ್ತಾಗುವುದಿಲ್ಲ. ಇದನ್ನು ಕಟ್ಟಿದ ಎಂಜಿನಿಯರುಗಳ ಫೋಟೋ ಯಾವ ಪೇಪರಿನಲ್ಲೂ ನಾನು ನೋಡಿಲ್ಲ. ಬರಬೇಕಿತ್ತು.

ಈಗ ಮನಾಮಾದಲ್ಲಿ ಹೊಸ ಮಿಕ್ಸಿ ಕೊಂಡರೆ ತಳದಲ್ಲಿ "ಜಿ" ಅಕ್ಷರದ ಗುರುತು ಇರುತ್ತದೆ, ಮಕ್ಕಳ ಆಟದ ಸಾಮಾನಿನ ಮೇಲೂ. ಆರು ದೇಶವೂ ಒಪ್ಪಿದ ಸುರಕ್ಷತೆಯ ಗುರುತು ಅದು. ಕೊಳ್ಳುವಾಗ ತಿರುಗಿಸಿ ನೋಡಿ. ಅಗ್ಗಕ್ಕೆ ಸಿಗುತ್ತದೆ ಅಂತ ಗುರುತಿಲ್ಲದ ಕೆಟಲ್ ತಂದು ಪ್ಲಗ್ಗು ಕರಗಿಸಿಕೊಂಡವರು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ.

ಕಾಸ್‌ವೇ ಮಂಡಳಿಯದ್ದಲ್ಲ, ಸೌದಿ ಮತ್ತು ಬಹರೈನ್ ತಾವಿಬ್ಬರೇ ಮಾಡಿಕೊಂಡದ್ದು. 1986ರ ನವೆಂಬರ್‌ನಲ್ಲಿ ತೆರೆಯಿತು, ಖರ್ಚು ಸೌದಿಯದ್ದು. ಆದರೆ ಜಿಸಿಸಿ ಅಂದರೆ ಏನು ಅಂತ ಕಣ್ಣಾರೆ ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ನಡುವೆ ಒಂದು ದ್ವೀಪ, ಎರಡು ಗೋಪುರ, ಗೂಡಿನಂಥ ಕೌಂಟರುಗಳ ಸಾಲು. ಟೋಲು ದಿನಾರ್‌ನಲ್ಲೂ ಕೊಡಬಹುದು, ರಿಯಾಲ್‌ನಲ್ಲೂ ಕೊಡಬಹುದು. ಪಕ್ಕದ ಸಾಲಿನ ಸೌದಿ ಅಥವಾ ಬಹರೈನಿ ಕಾರಿನವರು ಕಿಟಕಿಯಿಂದ ಐಡಿ ಕಾರ್ಡು ಚಾಚುತ್ತಾರೆ, ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಪಾಸ್‌ಪೋರ್ಟು ಬೇಡ, ವೀಸಾ ಬೇಡ. ಅವರಿಗೆ ಇದು ನಿಜವಾಗಿಯೂ ಒಂದೇ ಅಂಗಳ. 2008ರಿಂದ ಕಾಮನ್ ಮಾರ್ಕೆಟ್ ಇದೆ, ಒಂದು ದೇಶದ ಪ್ರಜೆ ಇನ್ನೊಂದರಲ್ಲಿ ಕೆಲಸ ಮಾಡಬಹುದು, ಅಂಗಡಿ ಇಡಬಹುದು, ಮನೆ ಕೊಳ್ಳಬಹುದು. ನಮ್ಮ ಕಾರಿನಲ್ಲಿ ಮೂರು ಪಾಸ್‌ಪೋರ್ಟು, ವೀಸಾ ಪ್ರಿಂಟು, ಗಾಡಿಯ ಕಾಗದ, ಆ ಕಡೆಯ ಇನ್ಶೂರೆನ್ಸು.

ನಮಗೂ ಸಿಗುವ ಸೌಲಭ್ಯ ಇಲ್ಲ ಅಂತಲ್ಲ. ಬಹರೈನಿನ ಲೈಸೆನ್ಸಿನಲ್ಲಿ ಸೌದಿಯಲ್ಲಿ ಗಾಡಿ ಓಡಿಸಬಹುದು. ನಾನು ಮನಾಮಾದಲ್ಲಿ ಲೈಸೆನ್ಸ್ ಮಾಡಿಸಿದ್ದು 2008ರಲ್ಲಿ. ಸೌದಿ ಹೆಂಗಸರಿಗೆ ಗಾಡಿ ಓಡಿಸಲು ಬಿಟ್ಟದ್ದು 2018ರ ಜೂನ್ 24ಕ್ಕೆ. ಒಂಬತ್ತು ವರ್ಷ ನಾನು ದ್ವೀಪದ ತನಕ ಓಡಿಸಿ ಅಲ್ಲಿ ಇಳಿದು ಇವರಿಗೆ ಸ್ಟೇರಿಂಗ್ ಬಿಟ್ಟುಕೊಡುತ್ತಿದ್ದೆ. ಆಮೇಲೆ ಒಂದು ಶುಕ್ರವಾರ ಇಳಿಯದೆ ಹಾಗೇ ಮುಂದಕ್ಕೆ ಹೋದೆ. ಬೇರೆ ಪರೀಕ್ಷೆ ಇಲ್ಲ, ಬೇರೆ ಕಾಗದ ಇಲ್ಲ, ಅದೇ ಬಹರೈನ್ ಕಾರ್ಡು. ಖೋಬರ್‌ನ ಕಡಲ ತೀರದ ರಸ್ತೆ ಕಾರ್ನಿಶ್ ತಲುಪುವ ತನಕ ಇವರು ಪಕ್ಕದಲ್ಲಿ ಬ್ರೇಕ್ ಒತ್ತುವ ಹಾಗೆ ಕಾಲು ಒತ್ತುತ್ತಲೇ ಇದ್ದರು.

ದುಡ್ಡಿನ ವಿಷಯವೂ ಸಲೀಸು. ನಮ್ಮ ಬೀದಿಯ ಕೋಲ್ಡ್ ಸ್ಟೋರಿನಲ್ಲಿ (ಇಲ್ಲಿ ಕಿರಾಣಿ ಅಂಗಡಿಗೆ ಹೀಗೆನ್ನುತ್ತಾರೆ) ಹತ್ತು ರಿಯಾಲಿನ ನೋಟು ಕೊಟ್ಟರೆ ಒಂದು ದಿನಾರ್ ಅಂತಲೇ ತೆಗೆದುಕೊಳ್ಳುತ್ತಾರೆ. ಬಹರೈನ್ ಬ್ಯಾಂಕಿನ ಕಾರ್ಡು ಸೌದಿಯ ಎಟಿಎಂನಲ್ಲಿ ನಡೆಯುತ್ತದೆ. ಆರೂ ದೇಶಕ್ಕೆ ಒಂದೇ ನೋಟು ಮಾಡುವ ಮಾತು ಮಾತ್ರ ಮುರಿದು ಬಿತ್ತು. 2010ಕ್ಕೆ ಬರಬೇಕಿತ್ತು. ಒಮಾನ್ ಮೊದಲೇ ಹಿಂದೆ ಸರಿಯಿತು. ಸೆಂಟ್ರಲ್ ಬ್ಯಾಂಕನ್ನು ರಿಯಾದ್‌ನಲ್ಲಿ ಇಡುತ್ತೇವೆ ಅಂದಾಗ 2009ರಲ್ಲಿ ಯುಎಇಯೂ ಹೊರಗೆ ಬಂತು. ತೆರಿಗೆಯೂ ಹಾಗೇ. ಎಲ್ಲರೂ 5 ಪರ್ಸೆಂಟ್ ವ್ಯಾಟ್ ಹಾಕೋಣ ಅಂತ ಒಪ್ಪಂದ ಆಯಿತು, ಈಗ ಸೌದಿಯಲ್ಲಿ 15, ಬಹರೈನಿನಲ್ಲಿ 10.

ಇಷ್ಟೇ ಆಗಿದ್ದರೆ ನಾಲ್ಕು ಅಂಕ ಕೊಡುತ್ತಿದ್ದೆ. 2017ರ ಜೂನ್ 5 ಬಾರದೆ ಇದ್ದಿದ್ದರೆ.

ರಂಜಾನ್ ತಿಂಗಳು. ಅಮ್ಮ ಊರಿಂದ ಬಂದು ದೋಹಾದಲ್ಲಿ ಅಕ್ಕನ ಮನೆಯಲ್ಲಿದ್ದರು. ಎರಡು ವಾರ ಬಿಟ್ಟು ನನ್ನ ಹತ್ತಿರ ಬರುವುದು ಅಂತ ಟಿಕೆಟ್ ಆಗಿತ್ತು. ದೋಹಾದಿಂದ ಬಹರೈನಿಗೆ ವಿಮಾನದಲ್ಲಿ ಒಂದು ಗಂಟೆಯೂ ಇಲ್ಲ, ಏರಿದ ಹಾಗೇ ಇಳಿಯುವುದು. ಆ ದಿನ ಬೆಳಗ್ಗೆ ಎದ್ದು ಫೋನ್ ನೋಡಿದರೆ ಸೌದಿ, ಯುಎಇ, ಬಹರೈನ್, ಜೊತೆಗೆ ಈಜಿಪ್ಟ್ ಕತಾರ್ ಜೊತೆ ಸಂಬಂಧ ಕಡಿದುಕೊಂಡಿದ್ದವು. ರಸ್ತೆಯ ಗಡಿ ಬಂದ್, ಬಂದರು ಬಂದ್, ಆಕಾಶ ಬಂದ್. ಅಕ್ಕ ಫೋನ್ ಮಾಡಿ ಸೂಪರ್ ಮಾರ್ಕೆಟಿನ ಹಾಲಿನ ಕಪಾಟು ಖಾಲಿ ಅಂದಳು. ಅಲ್ಲಿಯ ಹಾಲು ಹೆಚ್ಚಾಗಿ ಸೌದಿಯಿಂದಲೇ ರಸ್ತೆಯಲ್ಲಿ ಬರುತ್ತಿತ್ತು. ಆಮೇಲೆ ಟರ್ಕಿಯ ಹಾಲು ಬಂತು, ಜುಲೈಯಲ್ಲಿ ವಿಮಾನದಲ್ಲಿ ದನಗಳೇ ಬಂದವು. ಹಾಲಿಗೆ ದಾರಿ ಆಯಿತು. ನಮ್ಮ ಅಮ್ಮನಿಗೆ ಆಗಲಿಲ್ಲ. ಟಿಕೆಟ್ ಕೊಟ್ಟ ಏಜೆನ್ಸಿಯವರು ದುಡ್ಡು ವಾಪಸ್ ಕೊಡಲು ಮೂರು ತಿಂಗಳು ಸತಾಯಿಸಿದರು. ಕೊನೆಗೆ ಮಸ್ಕತ್ ಮೇಲೆ ಸುತ್ತು ಹಾಕಿ ಬರುವ ಟಿಕೆಟ್ ಮಾಡಿಸಿದೆವು. ಒಮಾನ್ ಮತ್ತು ಕುವೈತ್ ಈ ಜಗಳಕ್ಕೆ ಸೇರಿರಲಿಲ್ಲ, ಅದೇ ಪುಣ್ಯ. ಮಂಡಿ ನೋವಿನ ಹೆಂಗಸು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರು, ಮಸ್ಕತ್‌ನ ಏರ್‌ಪೋರ್ಟಿನಲ್ಲಿ ಗಾಲಿ ಕುರ್ಚಿಯಲ್ಲಿ ಐದು ಗಂಟೆ ಕೂತಿದ್ದರು. ಇಲ್ಲಿ ಬಂದು ಇಳಿದಾಗ ಕೇಳಿದ್ದು ಒಂದೇ, "ಮಗಾ, ಹತ್ತಿರ ಅಂದಿದ್ಯಲ್ಲ?"

ನಾನು ಆಗ ಹುಡುಕಿ ಓದಿದೆ. ಮಂಡಳಿಯ ಸನ್ನದಿನಲ್ಲಿ ಜಗಳ ಬಿಡಿಸಲು ಒಂದು ಸಮಿತಿ ಮಾಡುವ ಅವಕಾಶ ಮೊದಲ ದಿನದಿಂದಲೂ ಇದೆ. ಆದರೆ ಅದು ಖಾಯಂ ಸಮಿತಿ ಅಲ್ಲ. ಪ್ರತಿ ಜಗಳಕ್ಕೂ ದೊರೆಗಳೇ ಕೂತು ಹೊಸದಾಗಿ ಮಾಡಬೇಕು. ಜಗಳ ಆಡುತ್ತಿರುವವರೇ ದೊರೆಗಳು! ಕತಾರ್ ವಿಷಯದಲ್ಲಿ ಅದನ್ನು ಬಳಸಲೇ ಇಲ್ಲ. ಓಡಾಡಿದ್ದು ಕುವೈತ್‌ನ ಅಮೀರ್ ಶೇಖ್ ಸಬಾಹ್. ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಅರಮನೆಯಿಂದ ಅರಮನೆಗೆ ಹೋಗಿ ಮಾತಾಡಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು, ರಾಜಿ ಆದದ್ದು 2021ರ ಜನವರಿ 5ರಂದು ಸೌದಿಯ ಅಲ್ ಉಲಾದಲ್ಲಿ. ಅವರು ಅದನ್ನು ನೋಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇದು ಮೊದಲ ಸಲವೂ ಅಲ್ಲ. ಹವಾರ್ ದ್ವೀಪಗಳು ಯಾರಿಗೆ ಸೇರಿದ್ದು ಅಂತ ಬಹರೈನ್ ಮತ್ತು ಕತಾರ್ ನಡುವೆ ಎಷ್ಟೋ ಕಾಲದ ತಕರಾರು ಇತ್ತು. ಇಬ್ಬರೂ ಮಂಡಳಿಯವರೇ. ತೀರ್ಪು ಬಂದದ್ದು 2001ರಲ್ಲಿ, ಯೂರೋಪಿನ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಕೋರ್ಟಿನಲ್ಲಿ. ಹವಾರ್ ಬಹರೈನಿಗೆ, ತಕರಾರಿನಲ್ಲಿದ್ದ ಇನ್ನೊಂದು ಜಾಗ ಜುಬಾರಾ ಕತಾರಿಗೆ. ನಮಗೆ, ಕರ್ನಾಟಕದವರಿಗೆ ಇದು ಗೊತ್ತಿರುವ ಪಾಡು. 1956ರ ಕಾನೂನಿನಲ್ಲೇ ದಕ್ಷಿಣದ ರಾಜ್ಯಗಳಿಗೆ ವಲಯ ಮಂಡಳಿ ಇದೆ, ಆದರೂ ಕಾವೇರಿಯ ನೀರು ಟ್ರಿಬ್ಯೂನಲ್‌ಗೂ ಸುಪ್ರೀಂ ಕೋರ್ಟಿಗೂ ಹೋಗದೆ ಬಗೆಹರಿಯಲಿಲ್ಲ. ಪಕ್ಕದ ಮನೆಯವರು ಒಂದೇ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾರೆ, ಬೇಲಿಯ ಮಾತು ಬಂದರೆ ಎದ್ದು ಹೋಗುತ್ತಾರೆ.

ಆದರೆ ಇದನ್ನೂ ಹೇಳಲೇಬೇಕು. ಆ ಮೂರೂವರೆ ವರ್ಷ ಗಡಿ ಮುಚ್ಚಿತ್ತು, ವಿಮಾನ ಇರಲಿಲ್ಲ, ಕತಾರ್ ಮಾತ್ರ ಗ್ರಿಡ್‌ನಲ್ಲೇ ಇತ್ತು. ಯಾರೂ ತಂತಿ ಕಡಿಯಲಿಲ್ಲ. ಅಮ್ಮ ಬರಲಾಗದ ದಾರಿಯಲ್ಲಿ ಕರೆಂಟು ಓಡಾಡುತ್ತಿತ್ತು. ಇದನ್ನು ಓದಿದ ದಿನ ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. ತಂತ್ರಜ್ಞರು ನಿಯಮ ಬರೆದು, ಮೀಟರ್ ಇಟ್ಟು, ಕಚೇರಿ ಮಾಡಿ ಖಾಯಂ ಆಗಿ ಕಟ್ಟಿದ್ದು ಉಳಿಯಿತು. ದೊರೆಗಳ ಮನಸ್ಸಿನ ಮೇಲೆ ನಿಂತದ್ದು ಒಂದೇ ರಾತ್ರಿಗೆ ನಿಂತು ಹೋಯಿತು. ಜಗಳ ಬಿಡಿಸುವುದಕ್ಕೂ ಗ್ರಿಡ್‌ನಂಥದ್ದೇ ಒಂದು ಖಾಯಂ ಕಚೇರಿ ಇದ್ದಿದ್ದರೆ!

2019ರ ನವೆಂಬರ್ ಕೊನೆಯಿಂದ ಡಿಸೆಂಬರ್ ತನಕ ದೋಹಾದಲ್ಲಿ ಗಲ್ಫ್ ಕಪ್ ಫುಟ್‌ಬಾಲ್ ನಡೆಯಿತು. ಸೌದಿ, ಯುಎಇ, ಬಹರೈನ್ ಮೂರೂ ತಂಡ ಕಳಿಸಿದವು. ಫೈನಲಿನಲ್ಲಿ ಬಹರೈನ್ ಸೌದಿಯನ್ನು 1-0ಯಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ನಮ್ಮ ಬೀದಿಯಲ್ಲಿ ರಾತ್ರಿಯಿಡೀ ಹಾರ್ನು. ಅಕ್ಕ ಅದೇ ಊರಿನಿಂದ ವಿಡಿಯೋ ಕಾಲ್ ಮಾಡಿ "ನಿಮ್ಮವರು ಗೆದ್ದರು ಕಣೇ" ಅಂದಳು. ಅವಳನ್ನು ನೋಡಿ ಆಗ ಎರಡು ವರ್ಷ ಆಗಿತ್ತು.

ರಾಜಿ ಆದ ಕೂಡಲೇ ಎಲ್ಲ ಸರಿ ಹೋಗಲಿಲ್ಲ. ಬಹರೈನ್ ಮತ್ತು ದೋಹಾ ನಡುವೆ ವಿಮಾನ ಮತ್ತೆ ಶುರುವಾದದ್ದು 2023ರ ಮೇ 25ಕ್ಕೆ. ಮಂಡಳಿ ಹುಟ್ಟಿದ ದಿನಾಂಕವೇ ಅದು. ಅಕ್ಕ ಜುಲೈಯಲ್ಲಿ ಬಂದಳು. ಅಮ್ಮ ಈಗ ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ.

ಅದೇ ವರ್ಷ ಇನ್ನೊಂದು ಒಳ್ಳೆಯದಾಯಿತು. ಜಿಸಿಸಿಯ ಯಾವ ದೇಶದಲ್ಲಿ ವಾಸ ಇದ್ದರೂ, ಕೆಲಸ ಏನೇ ಇದ್ದರೂ, ಸೌದಿಗೆ ಆನ್‌ಲೈನಿನಲ್ಲೇ ಟೂರಿಸ್ಟ್ ವೀಸಾ ತೆಗೆಯಬಹುದು ಅಂತಾಯಿತು. ಇದು ಎಷ್ಟು ದೊಡ್ಡ ವಿಷಯ ಅಂತ ಇಲ್ಲಿದ್ದವರಿಗೆ ಗೊತ್ತು. ಅಲ್ಲಿಯ ತನಕ ಪಕ್ಕದ ದೇಶಕ್ಕೆ ಹೋಗುವಾಗ ಎಷ್ಟೋ ಕಡೆ ವಾಸದ ಪರವಾನಗಿ ಕಾರ್ಡಿನಲ್ಲಿ ಬರೆದ ಕೆಲಸ ನೋಡುತ್ತಿದ್ದರು. ಮ್ಯಾನೇಜರ್, ಎಂಜಿನಿಯರ್, ಡಾಕ್ಟರ್ ಅಂತ ಇದ್ದರೆ ಸಲೀಸು. ಲೇಬರ್, ಡ್ರೈವರ್, ಕುಕ್ ಅಂತ ಇದ್ದರೆ ಇಲ್ಲ. ಒಂದೇ ಊರಿನಿಂದ ಬಂದ ಅಣ್ಣ ಹೋಗಬಹುದು, ತಮ್ಮ ಹೋಗಬಾರದು. ಈ ವೀಸಾ ಸೌದಿ ತಾನಾಗಿ ಕೊಟ್ಟದ್ದು, ಮಂಡಳಿಯ ತೀರ್ಮಾನ ಅಲ್ಲ. ಅಂಕ ಕೊಡಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಕೊಟ್ಟಿದ್ದೇನೆ, ಯಾಕೆಂದರೆ ಅಲ್ಲಿ ನಮ್ಮನ್ನು ಕರೆದದ್ದು "ಜಿಸಿಸಿ ನಿವಾಸಿ" ಅಂತ. ಇಷ್ಟು ವರ್ಷದಲ್ಲಿ ಆ ಪದದೊಳಗೆ ನಾವೂ ಸೇರಿದ್ದು ನಾನು ನೋಡಿದ್ದು ಅದೇ ಮೊದಲು. ಯುಎಇಯಲ್ಲೂ ಕತಾರಿನಲ್ಲೂ ಹತ್ತರಲ್ಲಿ ಎಂಟೊಂಬತ್ತು ಜನ ಹೊರಗಿನವರೇ. ಅಷ್ಟು ಜನರನ್ನು ಬಿಟ್ಟು ಸಹಕಾರ ಅಂದರೆ ಅದು ಅರ್ಧ ಅಡುಗೆ.

ಬರಬೇಕಾದದ್ದು ಇನ್ನೂ ಇದೆ. ಕುವೈತ್‌ನಿಂದ ಮಸ್ಕತ್ ತನಕ ಸುಮಾರು 2,100 ಕಿಲೋಮೀಟರಿನ ರೈಲು 2018ಕ್ಕೆ ಓಡಬೇಕಿತ್ತು, ಈಗ 2030 ಅನ್ನುತ್ತಾರೆ. ಆರೂ ದೇಶಕ್ಕೆ ಒಂದೇ ಟೂರಿಸ್ಟ್ ವೀಸಾ ಅಂತ 2023ರಲ್ಲಿ ಒಪ್ಪಿಗೆ ಆಗಿದೆ, ಕೈಗೆ ಬರುವುದನ್ನೇ ಕಾಯುತ್ತಿದ್ದೇವೆ. ಬಂದರೆ ಒಂದು ಅಂಕ ಜಾಸ್ತಿ ಕೊಟ್ಟು ಇದನ್ನು ತಿದ್ದುತ್ತೇನೆ.

ಹೊಸದಾಗಿ ಗಲ್ಫಿಗೆ ಬರುವವರಿಗೆ ನಾಲ್ಕು ಮಾತು. ಮೆಡಿಕಲ್‌ಗೆ ಹೋಗುವ ಮುಂಚೆ ಊರಿನಲ್ಲೇ ಎದೆಯ ಎಕ್ಸ್‌ರೇ ಒಮ್ಮೆ ತೆಗೆಸಿಕೊಳ್ಳಿ, ಆಮೇಲೆ ಸೂಟ್‌ಕೇಸ್ ಕೊಳ್ಳಿ. ಕಾರ್ಡಿನಲ್ಲಿ ನಿಮ್ಮ ನಿಜವಾದ ಕೆಲಸವೇ ಬರೆದಿದೆಯಾ ಅಂತ ಮೊದಲ ದಿನವೇ ನೋಡಿ. ಕಾಸ್‌ವೇ ದಾಟುವುದಾದರೆ ಗುರುವಾರ ಸಂಜೆ ಬೇಡ, ಸೌದಿಯ ಕಡೆಯಿಂದ ಬರುವ ಕಾರುಗಳ ಸಾಲು ಸಮುದ್ರದ ಮೇಲೆ ಉದ್ದಕ್ಕೂ ನಿಂತಿರುತ್ತದೆ. ಮತ್ತೆ, ಹಳೆ ಬಿಲ್ಡಿಂಗಿನಲ್ಲಿ ಪ್ಲಗ್ಗು ನೋಡದೆ ಮಿಕ್ಸಿ ಹಾಕಬೇಡಿ.

ಬರುವ ವಾರ ಅಕ್ಕ ಮಗನ ಜೊತೆ ಮತ್ತೆ ಬರುತ್ತಿದ್ದಾಳೆ. ಅವನು ದೋಹಾದಲ್ಲಿ ಹುಟ್ಟಿದವನು, ನನ್ನ ಮಗಳು ಮನಾಮಾದಲ್ಲಿ. ಏರ್‌ಪೋರ್ಟಿನಲ್ಲಿ "ಜಿಸಿಸಿ ಸಿಟಿಜನ್ಸ್" ಬೋರ್ಡಿನ ಪಕ್ಕದ ಇನ್ನೊಂದು ಸಾಲಿನಲ್ಲೇ ಇಬ್ಬರೂ ಬೆಳೆದಿದ್ದಾರೆ. ಶುಕ್ರವಾರ ಬೆಳಗ್ಗೆ ಎಲ್ಲರೂ ಖೋಬರ್‌ಗೆ ಹೊರಡುವುದು ಅಂತಾಗಿದೆ, ಗಾಡಿ ನಾನೇ ಓಡಿಸುತ್ತೇನೆ. ಮಕ್ಕಳಿಗೆ ದ್ವೀಪದಲ್ಲಿ ಇಳಿದು ಫೋಟೋ ತೆಗೆಯಬೇಕಂತೆ. ಮಿಕ್ಸಿ ಹೊತ್ತುಕೊಂಡು ಹೋಗುವ ಕೆಲಸ ಇಲ್ಲ, ಇವರ ಹೊಸ ಫ್ಲ್ಯಾಟಿನಲ್ಲಿ ಅಡುಗೆಮನೆಯ ಪ್ಲಗ್ಗೂ ಇನ್ನೂರ ಇಪ್ಪತ್ತರದ್ದೇ.